ಒದ್ದೆ ಹಾಸಿಗೆಗೆ ಹಸಿರು ದೀಪ

ಹನ್ನೆರಡು ವರ್ಷ ಬೇರೆಯವರ ಮಲಮೂತ್ರ ಬಾಚಿದವಳು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮತ್ತೆ ಬಾಗಿಲಲ್ಲೇ ನಿಲ್ಲಿಸಿ, "ಮೊದಲು ಬಚ್ಚಲಿಗೆ ಹೋಗು, ಆಮೇಲೆ ಅಡುಗೆಮನೆ" ಅನ್ನುತ್ತಿದ್ದರು. "ಹೇಸಿಗೆ ಆಗಲ್ವೇನೇ ನಿಂಗೆ?" ಅಂತಲೂ ಕೇಳುತ್ತಿದ್ದರು. ಆಗುತ್ತಿರಲಿಲ್ಲ. ಮೈಯಿಂದ ಬಂದದ್ದು ನೀರು ಹಾಕಿದರೆ ಹೋಗುತ್ತದೆ, ಅದರಲ್ಲೇನಿದೆ ಅನ್ನುತ್ತಿದ್ದೆ. ಹೇಸಿಗೆ ಅಂದರೇನು ಅಂತ ನನಗೆ ಗೊತ್ತಾದದ್ದು ಹೋದ ವರ್ಷ, ಗ್ರಂಥಾಲಯದ ಒಂದು ಕೋಣೆಯಲ್ಲಿ, ಕಂಪ್ಯೂಟರ್ ಮುಂದೆ ಕೂತಾಗ.

ನಾನಿದ್ದದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ. ಕೆಳಗಿನ ಅಂತಸ್ತು ಹೆಂಗಸರ ವಾರ್ಡು. ಹನ್ನೊಂದು ಮಂಚ, ಹಗಲಿಗೆ ಇಬ್ಬರು ಆಯಾಗಳು. ಒಬ್ಬಳು ನಾನು, ಇನ್ನೊಬ್ಬಳು ದೊಡ್ಡಕ್ಕ. ನನಗೇನೂ ಸಂಬಂಧವಿಲ್ಲ, ಅಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕನೇ. ನಮ್ಮ ಮೇಲೆ ಮೇಟ್ರನ್. ಬಟ್ಟೆ ಬದಲಿಸುವುದು ಒಂಬತ್ತಕ್ಕೆ, ಒಂದಕ್ಕೆ, ಐದಕ್ಕೆ ಅಂತ ಅವರ ಕಾನೂನು. ನಡುವೆ ಯಾರಾದರೂ ಒದ್ದೆ ಮಾಡಿಕೊಂಡರೆ ಅದು ಅವರ ಹಣೆಬರಹ. "ಶೀಟು ಒಗೆಯೋದಕ್ಕೂ ಒಂದು ಮಿತಿ ಇರ್ಬೇಕು" ಅನ್ನುತ್ತಿದ್ದರು. ನಾಲ್ಕು ಗಂಟೆಗೆ ನೆಂಟರು ಬರುವ ಹೊತ್ತು. ಅದಕ್ಕೆ ಹತ್ತು ನಿಮಿಷ ಮುಂಚೆ ನಿಂಬೆ ವಾಸನೆಯ ಸ್ಪ್ರೇ ಹಿಡಿದು ವಾರ್ಡಿನ ಉದ್ದಕ್ಕೂ ತಾವೇ ಸುಯ್ ಸುಯ್ ಅಂತ ಹೊಡೆದುಕೊಂಡು ಹೋಗುವರು. ಉಚ್ಚೆ ವಾಸನೆಯ ಮೇಲೆ ಆ ನಿಂಬೆ ಕೂತರೆ ಕೊಳೆತ ಹಣ್ಣಿನ ಬುಟ್ಟಿಯೊಳಗೆ ಮೂಗಿಟ್ಟ ಹಾಗಾಗುತ್ತಿತ್ತು. ನೆಂಟರು ಮಾತ್ರ, "ಪರವಾಗಿಲ್ಲ, ಚೆನ್ನಾಗಿಟ್ಟಿದ್ದಾರೆ" ಅಂದುಕೊಂಡು ಹೋಗುವರು.

ಏಳನೇ ಮಂಚದಲ್ಲಿ ಟೀಚರಮ್ಮ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಒದ್ದೆಯಾದಾಗ ಕೂಗಿ ಕರೆಯುವ ಹಾಗಿಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಂಡು ಬಿಡುವರು. ಒಂದು ಗಂಟೆಗೆ ನಾನು ಹೊದಿಕೆ ಎತ್ತಿದಾಗಲೂ ನಾಚಿಕೆಗೆ ಕಣ್ಣು ಬಿಡುತ್ತಿರಲಿಲ್ಲ. ಸೊಂಟದ ಕೆಳಗೆ ಹುಣ್ಣಾಗಿತ್ತು. ಗುಂಡಿಯಷ್ಟಿದ್ದದ್ದು ನನ್ನ ಕಣ್ಣೆದುರೇ ಅಂಗೈಯಷ್ಟಾಯಿತು. ಪ್ರತಿ ಬುಧವಾರ ಅವರ ತಂಗಿ ಬರುವರು. ಬಸ್ ಕಂಡಕ್ಟರ್ ಆಗಿದ್ದು ರಿಟೈರಾದ ಹೆಂಗಸು, ಗಂಟಲು ಅಂದರೆ ಗಂಟಲು. ಬಾಗಿಲಲ್ಲಿ ನಿಂತು "ಅಕ್ಕಾ, ಬಂದೇ" ಅಂದರೆ ಹಿಂದಿನ ಅಡುಗೆಮನೆಗೂ ಕೇಳುತ್ತಿತ್ತು. ಆಕೆ ಅಕ್ಕನ ತಲೆ ಬಾಚಿ, ಉಗುರು ಕತ್ತರಿಸಿ ಹೋಗುವರು. ಹೊದಿಕೆಯ ಕೆಳಗೇನಿದೆ ಅಂತ ನೋಡಲು ಮೇಟ್ರನ್ ಬಿಡುತ್ತಿರಲಿಲ್ಲ. "ಅದೆಲ್ಲ ನಮ್ಮ ಸ್ಟಾಫ್ ನೋಡ್ಕೋತಾರೆ, ನೀವು ಆರಾಮಾಗಿ ಕೂತ್ಕೊಳ್ಳಿ."

ನನ್ನ ನಾದಿನಿ ಊರಿನ ಗ್ರಂಥಾಲಯದ ಕೌಂಟರಿನಲ್ಲಿ ಕೂರುತ್ತಾಳೆ. ಒಂದು ದಿನ ಮನೆಗೆ ಬಂದು, "ಅತ್ತಿಗೆ, ಶನಿವಾರ ಬೆಳಗ್ಗೆ ನಿಮಗೆ ರಜಾ ಅಲ್ವಾ? ನಮ್ಮಲ್ಲೊಂದು ಕಾರ್ಯಾಗಾರ ಇದೆ. ಎಂಟು ಶನಿವಾರ. ಹನ್ನೆರಡು ಜನ ಬೇಕಂತೆ, ಹನ್ನೊಂದೇ ಆಗಿದ್ದಾರೆ. ಬಂದು ಕೂತ್ರೆ ಸಾಕು" ಅಂದಳು.

"ಏನ್ ಕಲಿಸ್ತಾರೆ?"

"ಕೋಡಿಂಗು, ಎಲೆಕ್ಟ್ರಾನಿಕ್ಸು. ಬರೀ ಪಾಠ ಅಲ್ಲ, ಕೈಯಾರೆ ಮಾಡಿ ಕಲಿಯೋದಂತೆ."

ನಮ್ಮತ್ತೆ ಒಳಗಿಂದಲೇ, "ಹೋಗೇ, ಮಿಕ್ಸಿ ರಿಪೇರಿನಾದ್ರೂ ಬಂದೀತು. ನಿನ್ ಗಂಡನ್ನ ನಂಬ್ಕೊಂಡು ಮೂರ್ ತಿಂಗಳಾಯ್ತು" ಅಂದರು. ನನ್ನ ಗಂಡ ಪೇಪರ್ ಅಡ್ಡ ಹಿಡಿದುಕೊಂಡರು. ಹಾಗೆ ಹೋದೆ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಉದ್ದದ ಎರಡು ಮೇಜು, ಗೋಡೆಗೆ ತೂಗುಹಾಕಿದ ಇಕ್ಕಳ, ಸ್ಕ್ರೂಡ್ರೈವರ್, ಬಣ್ಣಬಣ್ಣದ ವೈರಿನ ಸುರುಳಿ. ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನಲವತ್ತು ದಾಟಿದವರು, ನಗುಮುಖ. ಯಾರು ಎಷ್ಟು ಸಲ ತಪ್ಪು ಮಾಡಿದರೂ ಸಿಡುಕದೆ ಪಕ್ಕದಲ್ಲಿ ಕೂತು ಬಿಚ್ಚಿಸಿ ಮತ್ತೆ ಕಟ್ಟಿಸುವರು. ನಮ್ಮ ಗುಂಪಿನಲ್ಲಿ ಒಬ್ಬ ಕ್ಷೌರದಂಗಡಿಯವನು, ಕಾಲೇಜಿನ ಹುಡುಗಿಯರು, ಹೀಗೆ ಬೇರೆ ಬೇರೆ ಜನ. ಮೊದಲ ದಿನ ನಾನು ವೈರು ಜೋಡಿಸಿದ ಪುಟಾಣಿ ದೀಪ ಉರಿದಾಗ ಗರ್ಭಿಣಿಗೆ ಮಗು ಒದ್ದ ಹಾಗೆ ಬೆಚ್ಚಿದೆ. ಎರಡನೇ ವಾರ ಸೋಲ್ಡರಿಂಗ್. ನನ್ನ ಕೈ ನಡುಗಲಿಲ್ಲ. ಮುದುಕರ ಕೈಯಲ್ಲಿ ಸೂಜಿ ಅಲ್ಲಾಡದ ಹಾಗೆ ಹಿಡಿದು ಹಿಡಿದು ಅಭ್ಯಾಸವಾದ ಕೈ ಅದು. ಮೇಷ್ಟ್ರು ನನ್ನ ಬೋರ್ಡನ್ನು ಎತ್ತಿ ಎಲ್ಲರಿಗೂ ತೋರಿಸಿ, "ಅಕ್ಕನ ಬೆಸುಗೆ ನೋಡಿ, ಮುತ್ತು ಪೋಣಿಸಿದ ಹಾಗಿದೆ" ಅಂದರು. ಆ ಇಡೀ ದಿನ ನನಗೆ ನೆಲ ಕಾಲಿಗೆ ತಾಗಲಿಲ್ಲ.

ಕೋಡಿಂಗ್ ಕಷ್ಟವಾಯಿತು. ಇಂಗ್ಲಿಷಿನ ನಾಲ್ಕೈದು ಶಬ್ದ ಬಿಟ್ಟರೆ ಉಳಿದದ್ದು ಲೆಕ್ಕ ಅಂತ ಮೇಷ್ಟ್ರು ಧೈರ್ಯ ಹೇಳಿದರು. ಯಾವ ಸಾಲು ಏನು ಮಾಡುತ್ತದೆ ಅಂತ ಅದರ ಮೇಲೆಯೇ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುವುದು ಅವರ ಪದ್ಧತಿ. ಟಿಪ್ಪಣಿಯ ಮುಂದೆ ಹ್ಯಾಶ್ ಗುರುತು. ಆ ಗುರುತು ಇದ್ದ ಸಾಲನ್ನು ಯಂತ್ರ ಓದುವುದೇ ಇಲ್ಲ, ಹಾರಿಸಿಕೊಂಡು ಮುಂದಕ್ಕೆ ಹೋಗುತ್ತದೆ. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಓದಿಕೊಂಡು ಕಲಿತೆ.

ನಾಲ್ಕನೇ ಶನಿವಾರ ಮೇಷ್ಟ್ರು, "ನಿಮ್ಮ ಕೆಲಸದ ಜಾಗದಲ್ಲಿ ದಿನಾ ನಿಮ್ಮನ್ನ ಕಾಡೋದು ಯಾವುದು? ಅದಕ್ಕೊಂದು ಏನಾದ್ರೂ ಮಾಡಿ" ಅಂದರು. ನನ್ನ ಸರದಿ ಬಂದಾಗ ಹೇಳಿದೆ: ಮಂಚದ ಮೇಲೆ ಮಲಗಿದವರು ಒದ್ದೆ ಮಾಡಿಕೊಂಡ ಕೂಡಲೇ ನನಗೆ ಗೊತ್ತಾಗಬೇಕು.

"ಅಂದ್ರೆ ಅಕ್ಕ ಉಚ್ಚೆ ಮೆಷಿನ್ ಮಾಡ್ತಾರೆ ಅನ್ನಿ" ಅಂದ ಕ್ಷೌರದವನು. ಕೋಣೆಯೆಲ್ಲ ನಕ್ಕಿತು. ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡಳು. ಮೇಷ್ಟ್ರು ನಗಲಿಲ್ಲ. "ಇದ್ರಲ್ಲಿ ನಗೋಕೇನಿದೆ? ನಮಗೆಲ್ಲ ಒಂದಿನ ಅದೇ ಮಂಚ ಕಾದಿದೆ" ಅಂದರು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ದೇವರ ಮೇಲಿನಷ್ಟೇ ಗೌರವ.

ಮಾಡಿದ್ದು ಇಷ್ಟು. ಹತ್ತಿ ಬಟ್ಟೆಯ ಮೇಲೆ ಸ್ಟೀಲಿನ ಸಣ್ಣ ನೂಲಿನಲ್ಲಿ ಎರಡು ಗೆರೆ ಹೊಲಿದೆ, ಒಂದಕ್ಕೊಂದು ತಾಗದ ಹಾಗೆ. ಬಟ್ಟೆ ಒದ್ದೆಯಾದರೆ ಈ ಗೆರೆಯಿಂದ ಆ ಗೆರೆಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಯುತ್ತದೆ. ಪುಟ್ಟ ಪೆಟ್ಟಿಗೆಯೊಳಗಿನ ಬೋರ್ಡು ಅದನ್ನು ಅಳೆದು ಸಂಖ್ಯೆ ತೋರಿಸುತ್ತದೆ. ಒಣಗಿದ್ದಾಗ ಎಂಟೋ ಹತ್ತೋ. ಬೆವರಿಗೆ ನೂರಿಪ್ಪತ್ತು. ಉಗುರುಬೆಚ್ಚಗಿನ ಉಪ್ಪುನೀರು ಹಾಕಿದಾಗ ಸಂಖ್ಯೆ ಆರುನೂರಕ್ಕೆ ಹಾರಿತು. ಮುನ್ನೂರು ದಾಟಿದರೆ ಕೆಂಪು ದೀಪ, ಜೊತೆಗೆ ಕೀಂ ಕೀಂ ಶಬ್ದ. ದಾಟದಿದ್ದರೆ ಹಸಿರು. ಅದರ ಪ್ರೋಗ್ರಾಂ ಬರೆದವಳು ನಾನೇ, ಒಂದೊಂದು ಅಕ್ಷರ ಹುಡುಕಿ ಒತ್ತಿ.

ಟೀಚರಮ್ಮನ ಶೀಟಿನ ಕೆಳಗೆ ಆ ಬಟ್ಟೆ ಹಾಸಿದ ಮೊದಲ ದಿನ ಅದು ಐದು ಸಲ ಕೂಗಿತು. ಐದೂ ಸಲ ಓಡಿದೆ. ದೊಡ್ಡಕ್ಕ, "ಹೆತ್ತ ಮಗಳು ಅತ್ರೂ ನಾನಿಷ್ಟು ಓಡಿಲ್ಲ" ಅಂತ ಬೈದುಕೊಂಡೇ ಇನ್ನೊಂದು ತುದಿ ಹಿಡಿದಳು. ಮೇಟ್ರನ್‌ಗೆ ಗೊತ್ತಾಗದ ಹಾಗೆ ಶೀಟುಗಳನ್ನು ನಾವೇ ಹಿತ್ತಲಲ್ಲಿ ಹಿಂಡಿ ಒಣಹಾಕಿದೆವು. ಮೂರು ವಾರಕ್ಕೆ ಹುಣ್ಣಿನ ಅಂಚು ಒಣಗಿ ಗುಲಾಬಿ ಚರ್ಮ ಕಾಣಿಸಿತು. ಅದನ್ನು ನೋಡಿ ನಾನು ಟೀಚರಮ್ಮನ ಹಣೆಗೆ ಮುತ್ತು ಕೊಟ್ಟುಬಿಟ್ಟೆ.

ಕಾರ್ಯಾಗಾರದ ಕೊನೆಯ ದಿನ ಪ್ರದರ್ಶನ ಇಟ್ಟರು. ನಮ್ಮ ಸಂಸ್ಥೆಯ ಅಧ್ಯಕ್ಷರು ಬಂದಿದ್ದರು. ನನ್ನ ಬಟ್ಟೆ, ಪೆಟ್ಟಿಗೆ ನೋಡಿ ಕಣ್ಣರಳಿಸಿ, "ನಮ್ಮ ಆಯಾ ಮಾಡಿದ್ದಾ?" ಅಂತ ಮೂರು ಸಲ ಕೇಳಿದರು. ಹನ್ನೊಂದು ಮಂಚಕ್ಕೂ ಇದೇ ಬರಲಿ ಅಂತ ಅಲ್ಲೇ ತೀರ್ಮಾನವಾಯಿತು. ಮೇಷ್ಟ್ರು ಬಿಳಿ ಪ್ಲಾಸ್ಟಿಕ್ಕಿನ ಅಂದವಾದ ಪೆಟ್ಟಿಗೆ ಮಾಡಿಸಿದರು. ಎಲ್ಲ ಪೆಟ್ಟಿಗೆಯ ಸುದ್ದಿ ಒಟ್ಟಿಗೆ ಕಾಣುವ ಹಾಗೆ ಮುಂದಿನ ಹಾಲ್‌ನಲ್ಲಿ ಒಂದು ದೊಡ್ಡ ಪರದೆ. ಬೆಸುಗೆ ಎಲ್ಲ ನನ್ನದೇ.

ಒಂದು ವಾರ ವಾರ್ಡು ಸಂತೆಯಾಯಿತು. ಮೂರನೇ ಮಂಚ ಕೀಂ ಅಂದರೆ ಹತ್ತನೆಯದು ಕೀಂ. ನಾವಿಬ್ಬರು ಎಷ್ಟು ಓಡಿದರೂ ಸಾಲದು. ನೆಂಟರು, "ಇದೇನು ಶಬ್ದ?" ಅಂತ ಕೇಳತೊಡಗಿದರು. ಇನ್ನೊಬ್ಬ ಆಯಾ ಬೇಕು ಅಂತ ನಾನು ಮೇಟ್ರನ್ ಹತ್ತಿರ ಹೋದೆ. "ನೋಡ್ತೀನಿ" ಅಂದರು. ಅದೇ ಹೊತ್ತಿಗೆ ನಮ್ಮತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು, ನಾಲ್ಕು ದಿನ ರಜೆ ಹಾಕಿದೆ.

ತಿರುಗಿ ಬಂದ ದಿನ ವಾರ್ಡು ತಣ್ಣಗಿತ್ತು. ಹನ್ನೊಂದೂ ಮಂಚದ ತಲೆಯ ಹತ್ತಿರ ಹಸಿರು ದೀಪ. ನನಗೆ ಖುಷಿಯಾಯಿತು. "ಹೊಸ ಆಯಾ ಬಂದಳಾ?" ಅಂತ ದೊಡ್ಡಕ್ಕನನ್ನು ಕೇಳಿದೆ.

"ಯಾರೂ ಬಂದಿಲ್ಲ. ಮೇಷ್ಟ್ರು ಬಂದು ಏನೋ ಸರಿ ಮಾಡಿ ಹೋದ್ರು. ಸುಮ್ಸುಮ್ನೆ ಕೂಗ್ತಿತ್ತಂತೆ."

ಟೀಚರಮ್ಮನ ಹತ್ತಿರ ಹೋದೆ. ಕಣ್ಣು ಮುಚ್ಚಿದ್ದರು. ಅದು ನಿದ್ದೆಯಲ್ಲ ಅಂತ ನನಗೆ ಗೊತ್ತು. ಶೀಟಿನ ಕೆಳಗೆ ಕೈ ಹಾಕಿದೆ. ಒದ್ದೆ, ತಣ್ಣಗೆ ಕೊರೆಯುತ್ತಿತ್ತು, ಅಂಚಿನಲ್ಲಿ ಹಳದಿ ಕಟ್ಟಿ ಒಣಗಿ ಮತ್ತೆ ನೆನೆದಿತ್ತು. ಎಷ್ಟು ಹೊತ್ತಿನದೋ. ಹುಣ್ಣಿನ ಗುಲಾಬಿ ಚರ್ಮ ಮತ್ತೆ ಬಿರಿದು ಕೀವು ಕಟ್ಟಿತ್ತು. ತಲೆಯ ಹತ್ತಿರ ದೀಪ ಹಸಿರಾಗಿ ಉರಿಯುತ್ತಲೇ ಇತ್ತು.

ನನ್ನ ಬೆಸುಗೆಯೇ ಬಿಟ್ಟಿರಬೇಕು ಅಂದುಕೊಂಡೆ. ಶೀಟು ಬದಲಿಸಿ, ಮೈ ಒರೆಸಿ, ಹುಣ್ಣಿಗೆ ಪಟ್ಟಿ ಹಾಕಿ, ಒಂದೊಂದೇ ವೈರು ಎಳೆದು ನೋಡಿದೆ. ಎಲ್ಲ ಗಟ್ಟಿಯಾಗಿತ್ತು. ಬಟ್ಟೆಯ ಮೇಲೆ ಉಪ್ಪುನೀರು ಸುರಿದೆ. ಹಸಿರು. ಹಾಲ್‌ಗೆ ಹೋಗಿ ಪರದೆ ನೋಡಿದೆ. ಏಳನೇ ಮಂಚ: ಒಣಗಿದೆ, ಬಟ್ಟೆ ಬದಲಿಸಿ ಒಂಬತ್ತು ನಿಮಿಷವಾಯಿತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ. ಬದಲಿಸಿ ಆರು ನಿಮಿಷವಾಯಿತು. ಹೊತ್ತು ಹಿಂದಕ್ಕೆ ನಡೆದಿತ್ತು.

ಆ ಶನಿವಾರ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದೆ. ನಾದಿನಿ ಹಿಂದಿನ ಕೋಣೆಯ ಬೀಗ ತೆಗೆದು ಕೊಟ್ಟಳು. ಕೇಬಲ್ ಚುಚ್ಚಿ ಒಳಗಿದ್ದ ಪ್ರೋಗ್ರಾಂ ತೆರೆದೆ. ನಾನು ಬರೆದ ಸಾಲುಗಳು ಇದ್ದವು. ಆದರೆ 'ಮುನ್ನೂರು ದಾಟಿದರೆ' ಅನ್ನುವ ಸಾಲಿನ ಮುಂದೆ ಹ್ಯಾಶ್ ಗುರುತು. ಕೂಗುವ ಸಾಲಿನ ಮುಂದೆ ಹ್ಯಾಶ್ ಗುರುತು. ಅದರ ಕೆಳಗೆ ಹೊಸದಾಗಿ ಎರಡು ಸಾಲು. ಒಂದು: ಯಾವಾಗಲೂ ಹಸಿರು. ಇನ್ನೊಂದು: ಐದರಿಂದ ಇಪ್ಪತ್ತರ ನಡುವೆ ಕೈಗೆ ಸಿಕ್ಕಿದ ಒಂದು ಸಂಖ್ಯೆ ಎತ್ತಿಕೊಂಡು ನಿಮಿಷ ಅಂತ ಪರದೆಗೆ ಕಳಿಸು. ಅವುಗಳ ಮೇಲೆ, ಕ್ಲಾಸಿನಲ್ಲಿ ನಮಗೆ ಬರೆದುಕೊಟ್ಟ ಹಾಗೆಯೇ, ಅಚ್ಚುಕಟ್ಟಾದ ಕನ್ನಡದ ಟಿಪ್ಪಣಿ: 'ಇಲ್ಲಿ ಎಲ್ಲ ಮಂಚವೂ ಒಣಗಿದೆ ಎಂದು ತೋರಿಸುತ್ತೇವೆ.'

ಎರಡು ಸಲ ಓದಿದೆ. ಹನ್ನೆರಡು ವರ್ಷದಲ್ಲಿ ಯಾವ ಬೇಸಿನ್ನು, ಯಾವ ಹುಣ್ಣು ನೋಡಿಯೂ ಬಾರದ ವಾಕರಿಕೆ ಬಂತು. ಓಡಿಹೋಗಿ ಗ್ರಂಥಾಲಯದ ಹಿಂದಿನ ಚರಂಡಿಗೆ ಕಾರಿಕೊಂಡೆ. ನಾದಿನಿ ನೀರು ತಂದು, "ಏನಾಯ್ತು ಅತ್ತಿಗೆ? ಬೆಳಗ್ಗೆ ಏನ್ ತಿಂದ್ರಿ?" ಅಂದಳು.

ಆಗಲೇ ಮೇಷ್ಟ್ರು ಬಂದರು. ಮುಂದಿನ ತಂಡಕ್ಕೆ ಕಿಟ್ ಜೋಡಿಸಬೇಕಿತ್ತಂತೆ. ಪರದೆಯ ಮೇಲಿದ್ದದ್ದನ್ನು ನೋಡಿ ಅವರ ನಗು ಒಂದು ಕ್ಷಣ ನಿಂತು ಮತ್ತೆ ಬಂತು.

"ಓ, ತೆರೆದು ನೋಡಿದ್ರಾ! ಭಲೇ ಅಕ್ಕ, ಇಷ್ಟು ಕಲಿತ್ರಲ್ಲ."

"ಇದನ್ನ ಬರೆದದ್ದು ನೀವೇನಾ ಮೇಷ್ಟ್ರೇ?"

"ತಾತ್ಕಾಲಿಕ ಅಕ್ಕ. ಬುಧವಾರ ಈ ಪರದೆ, ಪೆಟ್ಟಿಗೆಗಳ ಉದ್ಘಾಟನೆ ಇದೆಯಲ್ಲ, ಅದೊಂದು ಮುಗೀಲಿ. ಕೂಗಿ ಕೂಗಿ ಜನ ಗಾಬರಿ ಬೀಳ್ತಾರೆ ಅಂತ ಮೇಟ್ರನ್ ಹೇಳಿದ್ರು. ಅಧ್ಯಕ್ಷರು ನಮಗೆ ಆರು ಶಾಲೆಯಲ್ಲಿ ಇಂಥ ಲ್ಯಾಬ್ ಹಾಕಿಸಿಕೊಡ್ತೀನಿ ಅಂದಿದ್ದಾರೆ. ಸಾವಿರಾರು ಮಕ್ಕಳು ಕಲೀತಾರೆ. ನೀವು ಒಂದು ಮಂಚ ನೋಡ್ತಿದ್ದೀರ."

"ಆ ಮಂಚದ ಮೇಲೆ ಮನುಷ್ಯರಿದ್ದಾರೆ. ಹುಣ್ಣು ಮತ್ತೆ ಬಾಯಿ ಬಿಟ್ಟಿದೆ. ಕೀವಾಗಿದೆ."

ಅವರು ಮುಖ ಸಿಂಡರಿಸಿದರು. ಕೀವು ಅನ್ನುವ ಮಾತಿಗೆ. "ಈಗ ತಾನೇ ತಿಂಡಿ ತಿಂದು ಬಂದೆ, ಅದೆಲ್ಲ ಬೇಡ ಅಕ್ಕ" ಅಂದು ಕೈ ಆಡಿಸಿದರು. ನಾನು ಆ ಕೈ ನೋಡಿದೆ. ಉಗುರು ನೀಟಾಗಿ ಕತ್ತರಿಸಿತ್ತು, ಬೆರಳ ತುದಿಯಲ್ಲಿ ಸುಟ್ಟ ಗುರುತೂ ಇಲ್ಲ. ಇದೇ ಕೈಯಲ್ಲಿ ನನ್ನ ಬೋರ್ಡು ಎತ್ತಿ ಎಲ್ಲರಿಗೂ ತೋರಿಸಿದ್ದರಲ್ಲ ಅನ್ನಿಸಿ ಮೈಮೇಲೆ ಹುಳ ಹರಿದ ಹಾಗಾಯಿತು. ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟೆ.

ಮೇಟ್ರನ್ ಹತ್ತಿರವೂ ಹೋದೆ. ಕನ್ನಡಿ ನೋಡಿಕೊಳ್ಳುತ್ತಾ, "ನಿನ್ನ ಕೆಲಸ ಬಟ್ಟೆ ಬದಲಿಸೋದು. ಹೊತ್ತು ಹೊತ್ತಿಗೆ ಬದಲಿಸು. ದೀಪ ನೋಡೋಕೆ ಬೇರೆಯವರಿದ್ದಾರೆ" ಅಂದರು. ಅವತ್ತಿನಿಂದ ನಾನೂ ದೊಡ್ಡಕ್ಕನೂ ಗಂಟೆಗೊಮ್ಮೆ ಕೈ ಹಾಕಿ ನೋಡಿ ಬದಲಿಸಿದೆವು. ಸೋಮವಾರ ಸಂಜೆ ಮೇಟ್ರನ್ ಶೀಟಿನ ಬೀರುವಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೀಗ ತೆಗೆಯುವುದು ಒಂಬತ್ತಕ್ಕೆ, ಒಂದಕ್ಕೆ, ಐದಕ್ಕೆ.

ಮಂಗಳವಾರ ನಾದಿನಿಯನ್ನು ಕೇಳಿ ಗ್ರಂಥಾಲಯದ ಲ್ಯಾಪ್‌ಟಾಪ್ ತಂದೆ. ಬುಧವಾರ ಊಟದ ಹೊತ್ತು ಮುಗಿದು ಮೇಟ್ರನ್ ಕೋಣೆ ಸೇರಿಕೊಂಡ ಮೇಲೆ, ಬಟ್ಟೆ ಬುಟ್ಟಿಯಲ್ಲಿ ಮೈಲಿಗೆ ಶೀಟುಗಳ ಕೆಳಗೆ ಅದನ್ನಿಟ್ಟುಕೊಂಡು ವಾರ್ಡಿಗೆ ತಂದೆ. ಆ ಬುಟ್ಟಿಯೊಳಗೆ ಯಾರೂ ಕೈ ಹಾಕುವುದಿಲ್ಲ, ಅದರ ಬಗ್ಗೆ ನನಗೆ ಪೂರ್ತಿ ಭರವಸೆ ಇತ್ತು. ದೊಡ್ಡಕ್ಕ ಬಾಗಿಲಲ್ಲಿ ನಿಂತು ಮಡಿಸಿದ ಟವೆಲನ್ನೇ ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದಳು. "ಬೇಗ ಮುಗಿಸೇ ಮಾರಾಯ್ತಿ, ನನ್ ಜೀವ ಬಾಯಿಗೆ ಬಂದಿದೆ."

ಒಂದೊಂದು ಪೆಟ್ಟಿಗೆಗೂ ಎರಡು ನಿಮಿಷ. ಮೇಷ್ಟ್ರ ಸಾಲು ಅಳಿಸಿದೆ, ನನ್ನ ಸಾಲುಗಳ ಹ್ಯಾಶ್ ತೆಗೆದೆ. ಕೂಡಲೇ ಕೂಗಿದರೆ ಕೆಲಸ ಕೆಡುತ್ತಿತ್ತು. ಅದಕ್ಕೆ ನನ್ನದೇ ಒಂದು ಸಾಲು ಸೇರಿಸಿದೆ: ನಾಲ್ಕೂಕಾಲು ಗಂಟೆಯವರೆಗೆ ಸುಮ್ಮನಿರು. ಯಾರೂ ಹೇಳಿಕೊಡದೆ ನಾನು ಬರೆದ ಮೊದಲ ಸಾಲು ಅದು.

ಏಳನೇ ಮಂಚಕ್ಕೆ ಬರುವಷ್ಟರಲ್ಲಿ ಮೂರೂವರೆ. ಟೀಚರಮ್ಮನ ಕೆಳಗೆ ಕೈ ಹಾಕಿದೆ. ಒದ್ದೆ. ದೊಡ್ಡಕ್ಕ ಯಾರದೋ ಮಂಚದಿಂದ ಉಳಿಸಿಟ್ಟ ಒಂದೇ ಒಂದು ಒಣ ಶೀಟು ನಮ್ಮ ಹತ್ತಿರ ಇತ್ತು. ಬದಲಿಸಿಬಿಡಬಹುದಿತ್ತು. ಬದಲಿಸಿದರೆ ಅವರ ತಂಗಿಗೆ ಕಾಣುವುದು ಒಣಗಿದ ಹಾಸಿಗೆಯೇ. ಮಂಡಿಯೂರಿ ಅವರ ಕಿವಿಯ ಹತ್ತಿರ ಬಗ್ಗಿದೆ.

"ಟೀಚರಮ್ಮ, ನಿಮ್ಮ ತಂಗಿ ಬರ್ತಾರೆ. ಅವರಿಗಿದು ಗೊತ್ತಾಗ್ಲೇಬೇಕು. ಇನ್ನು ಮುಕ್ಕಾಲು ಗಂಟೆ ತಡ್ಕೋತೀರಾ? ಆಗಲ್ಲ ಅಂದ್ರೆ ಈಗಲೇ ಬದಲಿಸ್ತೀನಿ. ತಡ್ಕೋತೀನಿ ಅಂದ್ರೆ ಒಂದ್ಸಲ ಕಣ್ಣು ಮುಚ್ಚಿ ಬಿಡಿ."

ಅವರು ನನ್ನನ್ನೇ ನೋಡಿದರು. ಒದ್ದೆಯಲ್ಲಿ ಮಲಗಿ ಅವರು ಕಣ್ಣು ತೆರೆದು ನೋಡಿದ್ದು ಅದೇ ಮೊದಲು. ಆಮೇಲೆ ನಿಧಾನವಾಗಿ ಒಂದು ಸಲ ಮುಚ್ಚಿ ಬಿಟ್ಟರು. ಆ ಮುಕ್ಕಾಲು ಗಂಟೆ ನನ್ನ ಮೇಲೆ ನನಗೇ ಹೇಸಿಗೆ. ಬೇರೆಯವರ ಮೈಯನ್ನು ತೋರಿಕೆಗೆ ಇಟ್ಟವರಲ್ಲಿ ನಾನೂ ಒಬ್ಬಳಾದೆನಲ್ಲ ಅಂತ.

ನಾಲ್ಕಕ್ಕೆ ಮುಂದಿನ ಹಾಲ್ ತುಂಬಿತು. ಅಧ್ಯಕ್ಷರು, ಅವರ ಕಡೆಯವರು, ಹನ್ನೊಂದು ಮಂಚದ ನೆಂಟರು. ನಿಂಬೆ ಸ್ಪ್ರೇ ಘಮ್ಮನೆ ಹೊಡೆದಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದು ಮಾತಾಡಿದರು. ಕೈಯಿಂದ ಮಾಡುವ ಕಲಿಕೆ, ಕರುಣೆಯಿರುವ ತಂತ್ರಜ್ಞಾನ, ಇನ್ನೂ ಏನೇನೋ. ನನ್ನ ಕಡೆ ಕೈ ತೋರಿಸಿ, "ಈ ಸಾಧಾರಣ ಹೆಂಗಸಿನ ಕನಸು ಇದು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಯಲ್ಲಿ ಬಂದ ಹುಳಿಯನ್ನು ನುಂಗಿಕೊಂಡೆ. ಪರದೆಯ ಮೇಲೆ ಹನ್ನೊಂದು ಹಸಿರು ಚೌಕ.

ನಾಲ್ಕೂಕಾಲಾಯಿತು. ಮೊದಲು ಏಳನೆಯದು ಕೆಂಪಾಯಿತು. ಆಮೇಲೆ ಎರಡು, ಮೂರು, ಒಂಬತ್ತು. ವಾರ್ಡಿನೊಳಗಿಂದ ಕೀಂ ಕೀಂ ಶುರುವಾಯಿತು. ಎಂಟು ಚೌಕ ಕೆಂಪಾದವು.

"ಏನೋ ವೈರು ಲೂಸಾಗಿರ್ಬೇಕು" ಅಂದರು ಮೇಟ್ರನ್, ನಗುತ್ತಾ. "ಮೆಷಿನ್ ಅಲ್ವಾ, ಕೆಟ್ಟೇ ಕೆಡುತ್ತೆ."

"ವೈರು ಸರಿಯಾಗೇ ಇದೆ" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. "ಕೈ ಹಾಕಿ ನೋಡಿ."

ಟೀಚರಮ್ಮನ ತಂಗಿ ಜನರನ್ನು ಸರಿಸಿಕೊಂಡು ಒಳಗೆ ನಡೆದರು. ಮೇಟ್ರನ್ ಅಡ್ಡ ನಿಂತರೆ, "ಸರೀರಿ ಪಕ್ಕಕ್ಕೆ, ನನ್ನ ಅಕ್ಕ ಅವಳು" ಅಂದರು. ಹೊದಿಕೆ ಎತ್ತಿದರು. ಶೀಟಿನ ಕೆಳಗೆ ಮೊಣಕೈವರೆಗೂ ಕೈ ಹಾಕಿದರು. ಪಟ್ಟಿ ಸರಿಸಿ ಹುಣ್ಣು ನೋಡಿದರು. ಆಮೇಲೆ ಮೂವತ್ತು ವರ್ಷ ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಿಂದ ಮುಂದಿನವರೆಗೆ ಮುಟ್ಟಿಸಿದ ಆ ಗಂಟಲು ತೆರೆಯಿತು.

"ಎಲ್ರೂ ಒಳಗೆ ಬನ್ರೀ! ನಿಮ್ ನಿಮ್ಮವರ ಹಾಸಿಗೆ ಕೆಳಗೆ ಕೈ ಹಾಕಿ ನೋಡ್ರೀ! ನಿಂತ್ಕೊಂಡು ಏನ್ ನೋಡ್ತಿದ್ದೀರಾ, ಒಳಗೆ ನಡೀರಿ!"

ಜನ ನುಗ್ಗಿದರು. ಒಬ್ಬ ಗಂಡಸು ತಾಯಿಯ ಹೊದಿಕೆಯೊಳಗೆ ಕೈ ಹಾಕಿ ತೆಗೆದು, ಬೆರಳು ಮೂಸಿ, ಗೋಡೆಗೆ ಮುಖ ತಿರುಗಿಸಿ ನಿಂತ. ಇನ್ನೊಬ್ಬಳು ಅಳತೊಡಗಿದಳು. ಅಧ್ಯಕ್ಷರ ಕಡೆಯವರು ಕರ್ಚೀಫು ಮೂಗಿಗೆ ಹಿಡಿದು ಕಾರಿನ ಕಡೆ ನಡೆದರು.

"ಇದು ಹಸಿರಾಗಿತ್ತಲ್ಲ ಇಷ್ಟು ದಿನ?" ಅಂತ ಕಂಡಕ್ಟರಮ್ಮ ನನ್ನನ್ನು ಕೇಳಿದರು.

"ಯಾವಾಗಲೂ ಹಸಿರೇ ತೋರಿಸೋ ಹಾಗೆ ಬರೆದಿದ್ರು. ಇವರೇ ಬರೆದದ್ದು" ಅಂದು ಮೇಷ್ಟ್ರನ್ನು ತೋರಿಸಿದೆ.

"ಅದು ಬರೀ ಡೆಮೋ…" ಅಂದರು ಮೇಷ್ಟ್ರು. ಕಂಡಕ್ಟರಮ್ಮ ಒದ್ದೆಯಾದ ಕೈಯನ್ನು ಅವರ ಇಸ್ತ್ರಿ ಶರ್ಟಿಗೆ ಒರೆಸಿದರು. ಮೇಷ್ಟ್ರು ಬೆಂಕಿ ತಾಗಿದವರ ಹಾಗೆ ಹಿಂದಕ್ಕೆ ಹಾರಿದರು. ನಾನು ಮೇಟ್ರನ್ ಎದುರು ಹೋಗಿ ಕೈ ಚಾಚಿದೆ. ಸೊಂಟದಿಂದ ಬೀರುವಿನ ಕೀಲಿ ತೆಗೆದು ಕೊಟ್ಟರು. ದೊಡ್ಡಕ್ಕನೂ ನಾನೂ ಎಂಟು ಮಂಚವನ್ನೂ ಬದಲಿಸಿದೆವು. ಮೊದಲು ಏಳನೆಯದು.

ಮಾರನೇ ದಿನ ನನ್ನನ್ನು ಕೆಲಸದಿಂದ ತೆಗೆದರು. ಸಂಸ್ಥೆಯ ಸಾಮಾನು ಹಾಳು ಮಾಡಿದಳು ಅಂತ ಕಾಗದದಲ್ಲಿತ್ತು. ಮೂರು ಮನೆಯವರು ತಮ್ಮವರನ್ನು ಕರೆದುಕೊಂಡು ಹೋದರು, ಉಳಿದವರು ಬಿಟ್ಟೇ ಹೋದರು. ಪರದೆ ಕಿತ್ತು ಆ ಜಾಗದಲ್ಲಿ ಹೂವಿನ ಚಿತ್ರ ತೂಗುಹಾಕಿದ್ದಾರಂತೆ. ಮೇಟ್ರನ್ ಅಲ್ಲೇ ಇದ್ದಾರೆ. ಬಟ್ಟೆ ಬದಲಿಸುವುದು ಈಗ ದಿನಕ್ಕೆ ಐದು ಸಲ, ಒಬ್ಬ ಆಯಾ ಹೆಚ್ಚಿಗೆ ಬಂದಿದ್ದಾಳೆ ಅಂತ ದೊಡ್ಡಕ್ಕ ಹೇಳಿದಳು. "ನಿನ್ನ ಗಲಾಟೆಯಿಂದ ಅಷ್ಟಾಯ್ತು ನೋಡು" ಅಂದಳು. ಅಷ್ಟಾಯಿತು.

ಕಂಡಕ್ಟರಮ್ಮ ಅಕ್ಕನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಎರಡು ಕೋಣೆಯ ಮನೆ, ಮಂಚವನ್ನು ಕಿಟಕಿಯ ಪಕ್ಕ ಹಾಕಿದ್ದಾರೆ. ಹಗಲು ನೋಡಿಕೊಳ್ಳಲು ನನ್ನನ್ನೇ ಕರೆದರು. ಹೊಸ ಬಟ್ಟೆ ಹೊಲಿದು ಹೊಸ ಪೆಟ್ಟಿಗೆ ಮಾಡಿದೆ. ಅದು ಕೂಗಿದರೆ ಕಂಡಕ್ಟರಮ್ಮ ಅಡುಗೆಮನೆಯಿಂದಲೇ "ಹೋಲ್ಡಾನ್, ಹೋಲ್ಡಾನ್!" ಅನ್ನುತ್ತಾರೆ. ಬದಲಿಸಿ ಮುಗಿದರೆ "ರೈಟ್ ರೈಟ್." ಟೀಚರಮ್ಮನ ಎಡ ತುಟಿ ಆಗ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಹುಣ್ಣು ಪೂರ್ತಿ ಮಾಯಲು ಇನ್ನೂ ತಿಂಗಳುಗಳು ಬೇಕು ಅಂತ ಡಾಕ್ಟರು ಹೇಳಿದ್ದಾರೆ.

ಹೋದ ವಾರ ಮೇಷ್ಟ್ರು ಅಲ್ಲಿಗೇ ಬಂದರು. ವಿಳಾಸ ಹ್ಯಾಗೆ ಸಿಕ್ಕಿತೋ. ಅದೇ ನಗುಮುಖ, ಬಗಲಿಗೆ ಹೊಸ ಚೀಲ.

"ಆದದ್ದಾಯ್ತು ಅಕ್ಕ, ಮನಸಲ್ಲಿ ಇಟ್ಕೋಬೇಡಿ. ಬೇರೆ ಕಡೆಯಿಂದ ಲ್ಯಾಬಿಗೆ ಜಾಗ ಸಿಕ್ಕಿದೆ. ಭಾನುವಾರ ಹೊಸ ತಂಡ ಶುರು. ನೀವು ಬಂದು ನಾಲ್ಕು ಮಾತಾಡ್ಬೇಕು. ನಿಮ್ಮ ಕಥೆ ಕೇಳಿದ್ರೆ ಮಕ್ಕಳಿಗೆ ಹುಮ್ಮಸ್ಸು ಬರುತ್ತೆ."

ನಾನು ಉತ್ತರ ಕೊಡುವ ಮೊದಲೇ ಒಳಗೆ ಪೆಟ್ಟಿಗೆ ಕೂಗಿತು.

"ಬನ್ನಿ ಮೇಷ್ಟ್ರೇ ಒಳಗೆ. ಒಂದು ತುದಿ ಹಿಡ್ಕೊಳ್ಳಿ, ಶೀಟು ಬದಲಿಸೋಣ. ಆಮೇಲೆ ಭಾನುವಾರದ ಮಾತು."

ಅವರು ಹೊಸ್ತಿಲ ಆಚೆಯಿಂದಲೇ ಒಳಗೆ ಇಣುಕಿದರು. ವಾಸನೆ ತಾಗಿರಬೇಕು. ಕೈ ತಂತಾನೇ ಜೇಬಿಗೆ ಹೋಗಿ ಕರ್ಚೀಫು ತೆಗೆದು ಮೂಗಿಗಿಟ್ಟಿತು. "ಇನ್ನೊಂದಿನ ಬರ್ತೀನಿ ಅಕ್ಕ, ಸ್ವಲ್ಪ ಅವಸರ ಇದೆ" ಅಂದು ಮೆಟ್ಟಿಲಿಳಿದರು. ನಾನು ಬಾಗಿಲು ಹಾಕಿಕೊಂಡು, ತೋಳು ಮೇಲೇರಿಸಿ, ಒಣ ಶೀಟು ಎತ್ತಿಕೊಂಡು ಟೀಚರಮ್ಮನ ಹತ್ತಿರ ಹೋದೆ.